ಹಳದಿ ಮನೆಯ ಅಂಗಳದಲ್ಲಿ 1,789 ಕವಿತೆಗಳು

ಅಮೆರಿಕದ ಬಾಸ್ಟನ್ನಿನಿಂದ ಪಶ್ಚಿಮಕ್ಕೆ ಸುಮಾರು 145 ಕಿಲೋಮೀಟರ್ ದೂರದ ಆಮ್ಹರ್ಸ್ಟ್ ಎಂಬ ಕಾಲೇಜು ಪಟ್ಟಣಕ್ಕೆ ನಾನು ಹೋದದ್ದು ಸೆಪ್ಟೆಂಬರ್ ತಿಂಗಳ ಕೊನೆಯಲ್ಲಿ. ಕವಯಿತ್ರಿ ಎಮಿಲಿ ಡಿಕಿನ್ಸನ್ ಹುಟ್ಟಿದ, ತನ್ನ ಬಾಳಿನ ಬಹುಭಾಗವನ್ನು ಕಳೆದು 1886ರಲ್ಲಿ ಕೊನೆಯುಸಿರೆಳೆದ ಹಳದಿ ಬಣ್ಣದ ಇಟ್ಟಿಗೆಯ ಮನೆ ಇಲ್ಲಿದೆ. ಈ ಮನೆಯೂ ಪಕ್ಕದಲ್ಲಿರುವ ಅವಳ ಅಣ್ಣನ ಮನೆಯೂ 2003ರಿಂದ ಒಂದೇ ಮ್ಯೂಸಿಯಂ ಆಗಿವೆ.

ಮಹಡಿಯಲ್ಲಿರುವ ಅವಳ ಕೋಣೆಯಲ್ಲಿ ಗುಲಾಬಿ ಹೂಗಳ ಗೋಡೆಕಾಗದ, ಒಂದು ಮಂಚ, ಎರಡು ಪುಸ್ತಕ ಬಿಡಿಸಿಟ್ಟರೆ ತುಂಬಿಹೋಗುವಷ್ಟು ಪುಟ್ಟ ಮೇಜು. ಆ ಮೇಜು ಮೂಲದ್ದಲ್ಲ, ಪ್ರತಿಕೃತಿ. ಅವಳು ತೊಡುತ್ತಿದ್ದ ಹೆಸರಾಂತ ಬಿಳಿ ಉಡುಪೂ ಹಾಗೆಯೇ. ಹಸ್ತಪ್ರತಿಗಳಲ್ಲಿ ಹೆಚ್ಚಿನವು ಹಾರ್ವರ್ಡ್ ಮತ್ತು ಆಮ್ಹರ್ಸ್ಟ್ ಕಾಲೇಜಿನ ಗ್ರಂಥಾಲಯಗಳಲ್ಲಿವೆ. ಮೊದಲಿಗೆ ನನಗೆ ತುಸು ನಿರಾಸೆಯಾಯಿತೆಂಬುದು ನಿಜ. ಆದರೆ ತೋರಿಸಲು ಕಡಿಮೆ ಇರುವುದರಿಂದಲೇ ಈ ಮ್ಯೂಸಿಯಂ ಓದಿಸುವುದನ್ನು ಇಷ್ಟು ಚೆನ್ನಾಗಿ ಕಲಿತಿದೆಯೇನೋ ಎಂದು ಅಂಗಳಕ್ಕೆ ಇಳಿದ ಮೇಲೆ ಅನ್ನಿಸಿತು.

ಪ್ರತಿ ಶರತ್ಕಾಲದ ಕಾವ್ಯೋತ್ಸವದಲ್ಲಿ ಇಲ್ಲೊಂದು ಮ್ಯಾರಥಾನ್ ನಡೆಯುತ್ತದೆ. ವಿದ್ವಾಂಸ ಆರ್. ಡಬ್ಲ್ಯು. ಫ್ರ್ಯಾಂಕ್ಲಿನ್ ಸಂಪಾದಿಸಿದ ಅವಳ ಕವಿತೆಗಳ 1998ರ ಆವೃತ್ತಿಯಲ್ಲಿರುವ 1,789 ಕವಿತೆಗಳನ್ನೂ ಒಂದನ್ನೂ ಬಿಡದೆ, ಹಲವು ದಿನಗಳ ಸರದಿಯಲ್ಲಿ, ಗಟ್ಟಿಯಾಗಿ ಓದಿ ಮುಗಿಸುತ್ತಾರೆ. ಕೆಲವು ಸರದಿಗಳು ಆನ್‌ಲೈನಿನಲ್ಲೂ ನಡೆಯುವುದರಿಂದ ದೂರದೂರಿನವರೂ ದನಿಗೂಡಿಸುತ್ತಾರೆ. ಓದುವವರು ನಟರೂ ಅಲ್ಲ, ಪಂಡಿತರೇ ಆಗಬೇಕೆಂದೂ ಇಲ್ಲ. ಹೆಸರು ಕೊಟ್ಟವರು ಓದುಗರು. ಅವಳು ಬದುಕಿದ್ದಾಗ ಅಚ್ಚಾದ ಕವಿತೆಗಳು ಹತ್ತರ ಆಸುಪಾಸು; ಉಳಿದವುಗಳಲ್ಲಿ ಹಲವನ್ನು ಅವಳು ಕೈಯಾರೆ ಹೊಲಿದ ಕಿರುಹೊತ್ತಗೆಗಳಲ್ಲೂ ಹರಿದ ಲಕೋಟೆಗಳ ಬೆನ್ನಿನಲ್ಲೂ ಬರೆದಿಟ್ಟಿದ್ದಳು.

ಬಹುತೇಕ ಕವಿತೆಗಳಿಗೆ ಶೀರ್ಷಿಕೆಯೇ ಇಲ್ಲ, ಸಂಖ್ಯೆಯೇ ಹೆಸರು. ಅದಕ್ಕಿಂತ ಕಷ್ಟದ ಸಂಗತಿಯೆಂದರೆ ಸಾಲುಗಳಲ್ಲಿ ಪದಗಳ ನಡುನಡುವೆ ಅವಳು ಎಳೆದ ಅಡ್ಡಗೀಟುಗಳು (ಡ್ಯಾಶ್). ಪುಟದ ಮೇಲೆ ಕಣ್ಣು ಅವುಗಳನ್ನು ಸಲೀಸಾಗಿ ದಾಟಿಬಿಡುತ್ತದೆ, ಬಾಯಿಗೆ ಆ ಸೌಲಭ್ಯವಿಲ್ಲ. ನನ್ನ ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಪ್ರತಿ ಗೀಟಿಗೂ ಉಸಿರು ಹಿಡಿದು ನಿಲ್ಲುತ್ತಿದ್ದರು. ಅವರ ನಂತರ ಓದಿದ ಹುಡುಗಿ ಗೀಟುಗಳೇ ಇಲ್ಲವೆಂಬಂತೆ ಒಂದೇ ಓಟದಲ್ಲಿ ಓದಿದಳು. ಹೀಗೆಯೇ ಓದಬೇಕೆಂದು ಯಾರೂ ತಿದ್ದಲಿಲ್ಲ. ಒಬ್ಬಳೇ ಕವಿಯನ್ನು ಎರಡು ನಿಮಿಷದಲ್ಲಿ ಇಬ್ಬರಾಗಿ ಕೇಳಿದ ಅನುಭವವದು. ಪಾಠದ ಕೋಣೆಯಲ್ಲಿ ನನಗೆಂದೂ ಸಿಕ್ಕಿರಲಿಲ್ಲ.

ಉಳಿದ ಕಾರ್ಯಕ್ರಮಗಳಿಗೂ ಇದೇ ಜಾಯಮಾನ. ಡಿಸೆಂಬರ್ 10ರ ಅವಳ ಹುಟ್ಟುಹಬ್ಬವನ್ನು ಪ್ರತಿವರ್ಷ ಆಚರಿಸುತ್ತಾರೆ. ಬೇಕಾದವರು ಆ ಮಹಡಿಯ ಕೋಣೆಯನ್ನೇ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಪಡೆದು ಒಬ್ಬರೇ ಕೂತು ಬರೆಯಬಹುದು. ಅವಳು ತೀರಿಕೊಂಡ ಮೇ 15ರ ಆಸುಪಾಸಿನಲ್ಲಿ ಊರಿನ ಬೀದಿಗಳಲ್ಲಿ ಅಲ್ಲಲ್ಲಿ ನಿಂತು ಕವಿತೆ ಓದುತ್ತಾ ವೆಸ್ಟ್ ಸ್ಮಶಾನದವರೆಗೆ ನಡೆಯುತ್ತಾರಂತೆ. ಆ ದಾರಿಯಲ್ಲಿ ನಾನು ಮರುದಿನ ಒಬ್ಬನೇ ನಡೆದೆ. ಕಬ್ಬಿಣದ ಬೇಲಿಯೊಳಗಿನ ಸಮಾಧಿಗಲ್ಲಿನಲ್ಲಿ ಹುಟ್ಟು ಸಾವುಗಳ ತಾರೀಖಿನ ಜೊತೆಗೆ ಇರುವುದು ‘ಮರಳಿ ಕರೆ ಬಂತು’ ಎಂಬರ್ಥದ ಎರಡೇ ಪದ.

ಮ್ಯಾರಥಾನಿನಲ್ಲಿ ನನ್ನ ಪಾಲಿಗೆ ಬಂದದ್ದು ಮೂರು ಕವಿತೆ. ಮೊದಲನೆಯದರ ಎರಡನೇ ಗೀಟಿನಲ್ಲಿ ನಿಲ್ಲಬೇಕೋ ದಾಟಬೇಕೋ ತಿಳಿಯದೆ ತಡವರಿಸಿದೆ. ಯಾರೂ ತಲೆಯೆತ್ತಲಿಲ್ಲ, ಪಕ್ಕದಲ್ಲಿದ್ದ ಹೆಂಗಸು ಆಗಲೇ ತನ್ನ ಕವಿತೆಯ ಸಂಖ್ಯೆಯ ಮೇಲೆ ಬೆರಳಿಟ್ಟು ಕಾಯುತ್ತಿದ್ದಳು.