ಲಿಪ್ಪೆ ಚುನಾವಣೆ, 1933: ಹಾಳೆ ಎಲ್ಲಿಗೆ ಬಂತು

ಹಳೇ ಚುನಾವಣೆಗಳನ್ನು ಒಂದೊಂದು ದೊಡ್ಡ ಹಾಳೆಗೆ ಇಳಿಸುವುದು ನನ್ನ ಹುಚ್ಚು. ಈಗ ಲಿಪ್ಪೆಯ ಸರದಿ. ಜರ್ಮನಿಯ ಈ ಪುಟ್ಟ ರಾಜ್ಯದಲ್ಲಿ 1933ರ ಜನವರಿ 15ರ ಭಾನುವಾರ ವಿಧಾನಸಭೆಗೆ ಮತದಾನ ನಡೆಯಿತು. ಎಡಕ್ಕೆ ನಕಾಶೆ, ಬಲಕ್ಕೆ ಮತಗಳ ಕಂಬಗಳು, ಕೆಳಗೆ 21 ಸೀಟುಗಳ ಅರ್ಧಚಂದ್ರ. ನಕಾಶೆ ಮುಗಿಯಿತು, ಸೀಟುಗಳೂ ಕೂತವು. ಕಂಬಗಳದ್ದೇ ತಲೆನೋವು.

ಲಿಪ್ಪೆ ಅಂದರೆ ಸುಮಾರು 1,200 ಚದರ ಕಿಲೋಮೀಟರ್, ಒಂದೂಮುಕ್ಕಾಲು ಲಕ್ಷ ಜನ. ನಮ್ಮ ಬೆಂಗಳೂರು ನಗರ ಜಿಲ್ಲೆಯ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಜಾಗ, ಅಷ್ಟೇ. ಆದರೂ ಹಿಟ್ಲರ್ ಖುದ್ದಾಗಿ ಬಂದು ಇಲ್ಲಿ 16 ಭಾಷಣ ಮಾಡಿದ. ಟೇಬಲ್ ಮೇಲೆ ಹರಡಿದ್ದ ನಕಾಶೆ ನೋಡಿ ಅಕ್ಕನ ಮಗಳು, "ಇಷ್ಟು ಜಾಗಕ್ಕೆ ಅಷ್ಟೊಂದು ಭಾಷಣಾನಾ ಮಾಮ?" ಅಂದಳು. ಸರಿಯಾದ ಪ್ರಶ್ನೆಯೇ.

1932ರ ನವೆಂಬರಿನ ಸಂಸತ್ ಚುನಾವಣೆಯಲ್ಲಿ ನಾಜಿ ಪಕ್ಷ ದೇಶದಾದ್ಯಂತ 20 ಲಕ್ಷ ಮತ ಕಳೆದುಕೊಂಡಿತ್ತು. ಡಿಸೆಂಬರಿನಲ್ಲಿ ಗ್ರೆಗರ್ ಸ್ಟ್ರಾಸರ್‌ನಂಥ ದೊಡ್ಡ ನಾಯಕನೇ ಹುದ್ದೆ ಬಿಟ್ಟು ಹೊರಟ. ಪಕ್ಷದ ಕೈಯಲ್ಲಿ ಕಾಸಿಲ್ಲ. ಎಲ್ಲಾದರೂ ಒಂದು ಗೆಲುವು ಬೇಕಿತ್ತು, ಎದುರಿಗೆ ಸಿಕ್ಕಿದ್ದು ಲಿಪ್ಪೆ. ಪಕ್ಷದ ಪ್ರಚಾರದ ಮುಖ್ಯಸ್ಥ ಗೋಬೆಲ್ಸ್ ಸೇರಿ ಇದ್ದಬದ್ದ ಭಾಷಣಕಾರರೆಲ್ಲ ಹಳ್ಳಿಹಳ್ಳಿಗೆ ಬಂದಿಳಿದರು.

ನಕಾಶೆ ಬಿಡಿಸುವಾಗ ಮಜಾ ಕೊಟ್ಟಿದ್ದು ಗಡಿ. ಲಿಪ್ಪೆ ಒಂದೇ ತುಂಡಲ್ಲ. ಲಿಪ್ಪೆರೋಡೆ ಮತ್ತು ಕಪ್ಪೆಲ್ ದೂರದಲ್ಲಿ ಲಿಪ್‌ಸ್ಟಾಟ್ ಪಕ್ಕ, ಪಕ್ಕದ ದೊಡ್ಡ ರಾಜ್ಯ ಪ್ರಷ್ಯದ ನೆಲದ ನಡುವೆ ಒಂಟಿಯಾಗಿ ಕೂತಿವೆ. ಗ್ರೆವೆನ್‌ಹಾಗೆನ್ ಇನ್ನೊಂದು ಚೂರು. ಇದನ್ನೂ ಗ್ರೆವೆನ್‌ಬುರ್ಗನ್ನೂ ಒಂದೇ ಅಂದುಕೊಳ್ಳುವ ಹಾಗಿಲ್ಲ. ಪ್ರಚಾರದ ದಿನಗಳಲ್ಲಿ ಹಿಟ್ಲರ್ ತಂಗಿದ್ದ, ಸುತ್ತ ನೀರಿನ ಕಂದಕ ಇರುವ ಕೋಟೆಮನೆ ಗ್ರೆವೆನ್‌ಬುರ್ಗ್. ಅದು ಗಡಿಯಾಚೆ ಪ್ರಷ್ಯಕ್ಕೆ ಸೇರಿದ ಜಾಗ. ಹಾಗಾಗಿ ಅದರ ಗುಂಡುಪಿನ್ ನಾನು ಬಣ್ಣ ಹಚ್ಚಿದ ಭಾಗದಿಂದ ಹೊರಗೇ ಬಿದ್ದಿದೆ. ಮತ ಕೇಳಿದ್ದು ಈ ರಾಜ್ಯದಲ್ಲಿ, ಮಲಗಿದ್ದು ಪಕ್ಕದ ರಾಜ್ಯದಲ್ಲಿ.

ಮೊದಲ ಭಾಷಣದ ಪಿನ್ ಬೋಸಿಂಗ್‌ಫೆಲ್ಡ್‌ನಲ್ಲಿ, ಜನವರಿ 4ರ ಸಂಜೆ. ಅದೇ ದಿನ ಮಧ್ಯಾಹ್ನ ಆತ ಕಲೋನ್‌ನಲ್ಲಿ ಬ್ಯಾಂಕರ್ ಶ್ರೋಡರ್ ಮನೆಯಲ್ಲಿದ್ದ, ಮಾಜಿ ಚಾನ್ಸಲರ್ (ಅಂದರೆ ಸರ್ಕಾರದ ಮುಖ್ಯಸ್ಥ) ಪಾಪೆನ್ ಜೊತೆ ಗುಟ್ಟಿನ ಮಾತುಕತೆಗೆ. ಕಲೋನ್ ನನ್ನ ನಕಾಶೆಯೊಳಗೆ ಬರುವುದಿಲ್ಲ. ಅಂಚಿನಲ್ಲಿ ಒಂದು ಬಾಣ ಹಾಕಿ ಬಿಟ್ಟಿದ್ದೇನೆ. ನನ್ನ ಪ್ರಕಾರ ಇಡೀ ಹಾಳೆಯಲ್ಲಿ ಅತಿ ಮುಖ್ಯವಾದ ಗುರುತು ಆ ಬಾಣವೇ.

ಈಗ ಕಂಬಗಳ ವಿಷಯ. ಲಿಪ್ಪೆಯಲ್ಲಿ ನಾಜಿಗಳಿಗೆ ಬಿದ್ದ ಮತ: 1932ರ ಜುಲೈಯಲ್ಲಿ 42,280, ನವೆಂಬರಿನಲ್ಲಿ 33,038, ಈ ಚುನಾವಣೆಯಲ್ಲಿ 39,064. ಮೊದಲೆರಡು ಸಂಸತ್ ಚುನಾವಣೆಯವು. ನವೆಂಬರ್ ಪಕ್ಕ ಇಟ್ಟರೆ ಆರು ಸಾವಿರ ಏರಿಕೆ. ಜುಲೈ ಪಕ್ಕ ಇಟ್ಟರೆ ಮೂರು ಸಾವಿರಕ್ಕೂ ಜಾಸ್ತಿ ಇಳಿಕೆ. ನಾಜಿ ಪತ್ರಿಕೆಗಳು ಜುಲೈ ಸುದ್ದಿ ಎತ್ತದೆ, ಜನ ನಮ್ಮ ಕಡೆ ತಿರುಗಿದ್ದಾರೆ ಅಂತ ಡಂಗುರ ಹೊಡೆದವು. ಅದೇ ಹೊತ್ತಿಗೆ ಸೋಷಿಯಲ್ ಡೆಮಾಕ್ರಟರ ಮತವೂ ನವೆಂಬರಿಗಿಂತ ಏರಿತ್ತು. ಅದನ್ನು ಅವು ಯಾಕೆ ಹೇಳುತ್ತವೆ?

ಕಂಪ್ಯೂಟರಿನಲ್ಲೂ ಇದೇ ಆಟ ಆಡಿ ನೋಡಿದೆ. ಅಳತೆಯನ್ನು 30,000ದಿಂದ ಶುರು ಮಾಡಿದರೆ ಜನವರಿಯ ಕಂಬ ನವೆಂಬರಿನ ಕಂಬದ ಮೂರರಷ್ಟು ಎತ್ತರ ನಿಲ್ಲುತ್ತದೆ. ಭರ್ಜರಿ ಗೆಲುವು! ಸೊನ್ನೆಯಿಂದ ಶುರು ಮಾಡಿದರೆ ಮೂರೂ ಕಂಬ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಸೊನ್ನೆಯಿಂದಲೇ ಶುರು ಮಾಡುತ್ತೇನೆ, ಜುಲೈ ಕಂಬವನ್ನೂ ಬಿಡುವುದಿಲ್ಲ. ನೋಡೋಕೆ ಸಪ್ಪೆ ಅನ್ನಿಸಿದರೂ ಪರವಾಗಿಲ್ಲ.

ಸೀಟುಗಳ ಲೆಕ್ಕ ಮಾತ್ರ ಸಲೀಸು. ನಾಜಿಗಳಿಗೆ 9, ಸೋಷಿಯಲ್ ಡೆಮಾಕ್ರಟರಿಗೆ 7, ಕಮ್ಯುನಿಸ್ಟರಿಗೆ 2, ಇನ್ನು ಮೂರು ಚಿಕ್ಕ ಪಕ್ಷಗಳಿಗೆ ಒಂದೊಂದು. ಬಹುಮತಕ್ಕೆ 11 ಬೇಕು. ಪ್ರತಿ ಪಕ್ಷದ ಮತವನ್ನು 1, 2, 3 ಅಂತ ಸಾಲಾಗಿ ಭಾಗಿಸಿ, ಬಂದ ಸಂಖ್ಯೆಗಳಲ್ಲಿ ಅತಿ ದೊಡ್ಡ 21ಕ್ಕೆ ಒಂದೊಂದು ಸೀಟು ಕೊಡುವುದು ಡಿ'ಹೊಂಟ್ ಪದ್ಧತಿ. 39,064ನ್ನು 9ರಿಂದ ಭಾಗಿಸಿದರೆ 4,340. ಸೋಷಿಯಲ್ ಡೆಮಾಕ್ರಟರ 29,827ನ್ನು 7ರಿಂದ ಭಾಗಿಸಿದರೆ 4,261. ನಾಜಿಗಳ ಹತ್ತನೇ ಸೀಟಿಗೆ ಭಾಗಿಸಿದರೆ 3,906ಕ್ಕೆ ಇಳಿಯುತ್ತದೆ, ಅಲ್ಲಿಗೆ ಸಾಲಿನಿಂದ ಹೊರಗೆ. ಡಿ'ಹೊಂಟ್ ಪದ್ಧತಿಯ ಈ ಭಾಗಾಕಾರ ಹಾಕಿದಾಗ 21 ಸೀಟೂ ಸರಿಯಾಗಿ ಕೂತಿದ್ದು ನೋಡಿ ಖುಷಿಯಾಯಿತು.

ಅಂದರೆ ಅಷ್ಟೆಲ್ಲ ಗದ್ದಲ ಮಾಡಿಯೂ ಬಹುಮತವಿಲ್ಲ. ಶೇಕಡ 39.5 ಮತ, ಅದೂ ಒಟ್ಟು ಒಂದು ಲಕ್ಷದೊಳಗೆ. ಆದರೆ ಬರ್ಲಿನ್‌ನ ಮಾತುಕತೆಯಲ್ಲಿ ಚೌಕಾಸಿಗೆ ಅಷ್ಟು ಸಾಕಾಯಿತು. ಜನವರಿ 30ಕ್ಕೆ ಹಿಟ್ಲರ್ ಚಾನ್ಸಲರ್ ಆದ. ಲಿಪ್ಪೆಯ ಮತದಾರರೇ ಅವನನ್ನು ಗದ್ದುಗೆಗೆ ಏರಿಸಿದರು ಅನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ಆ ಕೆಲಸ ಪಾಪೆನ್ ಸುತ್ತಮುತ್ತಲಿನವರದ್ದು. ಅದಕ್ಕೇ ಆ ಬಾಣವನ್ನು ಇನ್ನೂ ದಪ್ಪ ಮಾಡಬೇಕು.

ಬಾಕಿ ಇರುವುದು: ಡೆಟ್ಮೋಲ್ಡ್, ಲೆಮ್ಗೊ ಊರುಗಳ ಹೆಸರುಗಳನ್ನು ಕನ್ನಡದಲ್ಲಿ ಅಂದವಾಗಿ ಬರೆಯುವುದು, ಮೂಲೆಯಲ್ಲಿ ಲಿಪ್ಪೆಯ ಐದೆಸಳಿನ ಕೆಂಪು ಗುಲಾಬಿ ಬಿಡಿಸುವುದು. 1947ರಲ್ಲಿ ನಾರ್ಥ್ ರೈನ್ ವೆಸ್ಟ್‌ಫೇಲಿಯಾಗೆ ಸೇರಿದ ಮೇಲೆ ಲಿಪ್ಪೆ ಬೇರೆ ರಾಜ್ಯವಾಗಿ ಉಳಿಯಲಿಲ್ಲ. ಗುಲಾಬಿ ಮಾತ್ರ ಆ ರಾಜ್ಯದ ಲಾಂಛನದಲ್ಲಿ ಈಗಲೂ ಇದೆ. ಪ್ರಿಂಟ್ ಅಂಗಡಿಯವರು ಹೋದ ಸಲ ಕಂದು ಬಣ್ಣವನ್ನು ಕಿತ್ತಳೆ ಮಾಡಿ ಕೊಟ್ಟಿದ್ದರು. ಈ ಸಲ ಮೊದಲು ಚಿಕ್ಕ ಹಾಳೆಯಲ್ಲಿ ತೆಗೆಸಿ ನೋಡಿ, ಆಮೇಲೆ ದೊಡ್ಡದು.