ನಾಲ್ಕು ಬೆರಳು ಕೊಯ್ದ ಬಾಗಿಲು

ಈ ಸಲ ಗಣಪತಿ ಪೆಂಡಾಲಿನಲ್ಲಿ ನಮ್ಮ ಬೀದಿಯವರೇ ಸೇರಿ ನಾಟಕ ಆಡಿದೆವು. ಹೊಲಿಗೆ ಅಂಗಡಿ ನಡೆಸುವವಳೆಂದು ನನಗೆ ಉಡುಪಿನ ಹೊಣೆ ಕೊಟ್ಟರು. ರಂಗಸಜ್ಜಿಕೆಯನ್ನು ಮಾತ್ರ ನಾನೇ ಕೇಳಿ ಪಡೆದೆ. ಅದಕ್ಕೆ ಕಾರಣ ಎದುರುಮನೆ ಅಜ್ಜಿಯ ಮುಂಬಾಗಿಲು.

ಹಾಸನದ ಈ ಬೀದಿಯಲ್ಲಿ ಏಳೆಂಟು ಮನೆಗಳು ಮುಳುಗಡೆಯಿಂದ ಬಂದವರದು. 1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿಯುವ ಹೊತ್ತಿಗೆ ಊರು ಬಿಟ್ಟವರು. ಆ ನೀರಿನಲ್ಲಿ ಹೊರಗಿನವರಿಗೆ ಕಾಣುವುದು ಶೆಟ್ಟಿಹಳ್ಳಿಯ ಚರ್ಚ್ ಒಂದೇ. ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಕಟ್ಟಿಸಿದ್ದು; ಮಳೆಗಾಲದಲ್ಲಿ ಅರ್ಧ ಮುಳುಗಿ ನಿಲ್ಲುತ್ತದೆ. ನೋಡಲು ಚೆಂದವೇ. ಆದರೆ ನಮ್ಮವರು ಬಿಟ್ಟುಬಂದ ಮನೆ, ಕಣ, ಬಾವಿಕಟ್ಟೆಗಳ ಒಂದು ಫೋಟೊ ಕೂಡ ಬೀದಿಯಲ್ಲಿ ಯಾರ ಬಳಿಯೂ ಇಲ್ಲ. ಮುಳುಗಿದ್ದು ಚರ್ಚ್ ಒಂದೇ ಎಂದು ನಮ್ಮ ಮಕ್ಕಳು ತಿಳಿದಿದ್ದರು. ಅದೇ ನನ್ನನ್ನು ಚುಚ್ಚಿತು.

ಮಳೆ ಹಿಡಿದರೆ ಅಜ್ಜಿ ಪತ್ರಿಕೆ ಹಿಡಿದು ನನ್ನ ಅಂಗಡಿಗೆ ಬರುತ್ತಾರೆ. "ಅಡಿ ಎಷ್ಟಾಯಿತು, ಓದಮ್ಮ." ಜಲಾಶಯದ ಪೂರ್ಣ ಮಟ್ಟ 2922 ಅಡಿ. ಎಷ್ಟು ನೀರು ತುಂಬಿತು ಎಂಬ ಟಿಎಂಸಿಯ ಲೆಕ್ಕ ಅವರಿಗೆ ಬೇಡ. ಅಡಿ ಕೇಳಿದರೆ ಸಾಕು, ನೀರು ಈಗ ಯಾರ ಜಗಲಿಗೆ ಬಂತು ಎಂದು ಹೇಳುತ್ತಾರೆ.

ಅವರ ಬಾಗಿಲು ಆ ಊರಿನದೇ, ಹಲಸಿನ ಮರದ್ದು. ಹೆಂಚು, ತೊಲೆಗಳ ಜೊತೆ ಗಾಡಿಯಲ್ಲಿ ಹೇರಿ ತಂದರಂತೆ. ಇಲ್ಲಿನ ಗೋಡೆ ಎತ್ತರ ಸಾಲದೆ ಬಡಗಿ ಕೆಳಗಿನಿಂದ ನಾಲ್ಕು ಬೆರಳು ಕೊಯ್ದ. ಕೆತ್ತನೆಯ ಬಳ್ಳಿ ಈಗ ಬುಡವಿಲ್ಲದೆ ಹೊಸಿಲ ಬಳಿ ತಟ್ಟನೆ ಮುಗಿಯುತ್ತದೆ.

ಮೊದಲ ತಾಲೀಮಿನಲ್ಲಿ ಹುಡುಗರು ಊರು ಬಿಡುವ ದೃಶ್ಯದಲ್ಲಿ ಬಿಕ್ಕಿ ಬಿಕ್ಕಿ ಅತ್ತರು. ನೋಡುತ್ತಿದ್ದ ಅಜ್ಜಿ, "ಅಳುವುದಕ್ಕೆ ಪುರುಸೊತ್ತು ಎಲ್ಲಿತ್ತು ಮಗಾ, ಹೆಂಚು ಇಳಿಸಬೇಕಿತ್ತು" ಎಂದರು. ಆಮೇಲೆ ತಾವೇ ಎದ್ದು ಕಲಿಸಿದರು. ಏಣಿಯ ಮೇಲಿನವನು ಕೈಬಿಟ್ಟ ಹೆಂಚನ್ನು ಕೆಳಗಿನವಳು ಬಿಗಿಯಾಗಿ ಹಿಡಿಯಬಾರದು. ಹೆಂಚಿನ ಜೊತೆಗೆ ಮೊಣಕಾಲು ಬಗ್ಗಿಸಿ ಇಳಿಯಬೇಕು. ಹಾಗೆ ಹಿಡಿದರೆ ಒಡೆಯುವುದಿಲ್ಲ. ಬರೆದಿದ್ದ ಮಾತುಗಳನ್ನೆಲ್ಲ ಹೊಡೆದು ಹಾಕಿ ಹೆಂಚು ಇಳಿಸುವುದನ್ನಷ್ಟೇ ಇಟ್ಟುಕೊಂಡೆವು.

ಆಟದ ರಾತ್ರಿ ಮಳೆ ಬಿಡುವು ಕೊಟ್ಟಿತ್ತು. ರಂಗದ ಮೇಲೆ ಹೆಂಚು ಕೈಯಿಂದ ಕೈಗೆ ಇಳಿಯುತ್ತಿದ್ದಾಗ ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಗಟ್ಟಿಯಾಗಿ ಎಣಿಸತೊಡಗಿದರು. ಇಪ್ಪತ್ತಕ್ಕೆ ಇನ್ನೂ ಮೂವರ ದನಿ ಸೇರಿತು. ನಮ್ಮ ಬಳಿ ಇದ್ದದ್ದು ಅರವತ್ತು ಹೆಂಚು. ಅದು ಮುಗಿದ ಮೇಲೂ ಅವರ ಎಣಿಕೆ ನಿಲ್ಲಲಿಲ್ಲ. ಹುಡುಗರು ಬರಿಗೈಯಲ್ಲೇ ಹೆಂಚು ಇಳಿಸುತ್ತಾ ಹೋದರು.

ಮರುದಿನ, ರಂಗಸಜ್ಜಿಕೆಗೆಂದು ಕಳಚಿ ತಂದಿದ್ದ ಅಜ್ಜಿಯ ಬಾಗಿಲನ್ನು ಮತ್ತೆ ಕೂಡಿಸಿಕೊಡಲು ಹೋದೆ. ಅಜ್ಜಿ ಅಟ್ಟದಿಂದ ಒಂದು ಸೀರೆಯ ಗಂಟು ಇಳಿಸಿ ಬಿಚ್ಚಿದರು. ಒಳಗೆ ಬಡಗಿ ಕೊಯ್ದಿದ್ದ ತುಂಡು ಇತ್ತು. ಆ ಬಳ್ಳಿ ಒಂದು ಪುಟ್ಟ ಕಳಶದ ಬಾಯಿಂದ ಹೊರಟಿತ್ತು.