ನಾಗವಲ್ಲಿಯಲ್ಲಿ ಕಾಡುಪಾಪ ನೋಡಲು ಹೋಗುವಿರಾದರೆ

ಕಾಡುಪಾಪ (ಸ್ಲೆಂಡರ್ ಲೋರಿಸ್, ರಾತ್ರಿ ಓಡಾಡುವ ಪುಟ್ಟ ಪ್ರಾಣಿ) ಅಂದ ಮೇಲೆ ಕಾಡಿಗೇ ಹೋಗಬೇಕು ಅಂದುಕೊಂಡಿದ್ದೆ. ಕೊನೆಗೆ ಹೋಗಿದ್ದು ತುಮಕೂರು ತಾಲ್ಲೂಕಿನ ನಾಗವಲ್ಲಿಗೆ. ಅಲ್ಲಿ ಹುಡುಕಬೇಕಾದ್ದು ಹೊಲದ ಬೇಲಿ, ಹುಣಸೆ ಮರ, ಜಾಲಿ ಪೊದೆ.

ಮೊದಲ ರಾತ್ರಿ ಕೆಟ್ಟಿದ್ದು ನನ್ನಿಂದಲೇ. ಬಿಳಿ ಟಾರ್ಚ್ ಬೀಸುತ್ತಾ ಬೈಕಿನಲ್ಲಿ ಸುತ್ತಿದೆ. ಸಿಕ್ಕಿದ್ದು ಎರಡು ಬೆಕ್ಕು, ಜೊತೆಗೆ ‘ಯಾರ್ರೀ ಅದು?’ ಅನ್ನುವ ಗದರಿಕೆ. ಗದರಿದ್ದು ಸರಿಯೇ. ಮಾಟಮಂತ್ರಕ್ಕೆ ಅಂತ ಕಾಡುಪಾಪವನ್ನು ಹಿಡಿಯುವವರೂ ಕತ್ತಲಲ್ಲೇ ಬರುತ್ತಾರಲ್ವಾ? ಊರಿನವರೊಬ್ಬರು ಜೊತೆಗಿಲ್ಲದೆ ಓಡಾಡಬೇಡಿ. ತೋಟದವರನ್ನು ಹಗಲಲ್ಲೇ ಕೇಳಿಕೊಳ್ಳಿ.

ಮರುದಿನ ಟಾರ್ಚಿಗೆ ಕೆಂಪು ಜಿಲೇಟಿನ್ ಪೇಪರ್ ಎರಡು ಸುತ್ತು ಕಟ್ಟಿ, ಏಳೂವರೆಗೆ ನಡೆದೇ ಹೊರಟೆವು. ಕೆಂಪು ಬೆಳಕಿಗೆ ಕಾಡುಪಾಪ ಅಷ್ಟಾಗಿ ಗಾಬರಿಯಾಗುವುದಿಲ್ಲ. ಟಾರ್ಚನ್ನು ನಿಮ್ಮ ಕಣ್ಣಿನ ಪಕ್ಕಕ್ಕೇ ಹಿಡಿಯಿರಿ, ಇಲ್ಲದಿದ್ದರೆ ಅದರ ಕಣ್ಣಿನ ಹೊಳಪು ನಿಮಗೆ ಕಾಣುವುದೇ ಇಲ್ಲ. ಕೆಂಪು ಬೆಳಕಲ್ಲಿ ಎಲ್ಲರ ಕಣ್ಣೂ ಕೆಂಪೇ. ನೆಲದಲ್ಲಿ ಹೊಳೆದದ್ದು ನತ್ತಿಂಗ ಹಕ್ಕಿ ಇರಬಹುದು. ಕೊಂಬೆಯಲ್ಲಿ, ಒತ್ತೊತ್ತಾಗಿ ಎರಡು ಕೆಂಡ ಕಂಡರೆ ನಿಂತುಬಿಡಿ.

ನಮಗೆ ಕಂಡಿದ್ದು ಹುಣಸೆ ಕೊಂಬೆಯಲ್ಲಿ. ತೂಕ ಕಾಲು ಕೆಜಿ ಆಸುಪಾಸು, ಬಾಲವಿಲ್ಲ, ಕಡ್ಡಿಯಂಥ ಕೈಕಾಲು. ನಮ್ಮನ್ನು ನೋಡಿ ಕಲ್ಲಾಗಿ ಕೂತಿತು. ಹತ್ತು ನಿಮಿಷ ಸುಮ್ನೆ ನಿಂತ ಮೇಲೆ ಮತ್ತೆ ಇರುವೆ ಹೆಕ್ಕತೊಡಗಿತು. ನಡುವೆ ತನ್ನ ಉಚ್ಚೆಯನ್ನೇ ಅಂಗೈಗೆ ತೀಡಿಕೊಂಡಿತು! ಅದು ಇವುಗಳ ಮಾಮೂಲಿ ಅಭ್ಯಾಸವಂತೆ. ಆಮೇಲೆ ಕೊಂಬೆಯ ತುದಿಗೆ ಬಂತು. ಮುಂದಿನ ಮರ ಎರಡು ಮಾರು ದೂರ. ಕೈ ಚಾಚಿತು, ಎಟುಕಲಿಲ್ಲ, ಬಂದ ದಾರಿಯಲ್ಲೇ ತಿರುಗಿತು. ಕಾಡುಪಾಪ ಮಂಗನ ಹಾಗೆ ನೆಗೆಯುವುದಿಲ್ಲ. ನಡುವಿನ ಮರ ಕಡಿದರೆ ಅದು ನೆಲಕ್ಕಿಳಿದೇ ದಾಟಬೇಕು, ಅಲ್ಲಿ ನಾಯಿ, ವಾಹನ.

ಕೊಂಬೆ ಅಲ್ಲಾಡಿಸಬೇಡಿ, ಫ್ಲ್ಯಾಶ್ ಬೇಡವೇ ಬೇಡ. ಫೋಟೊ ಹಾಕಿದರೂ ಮರ ಇರುವ ಜಾಗ ಬರೆಯಬೇಡಿ. ಮುಟ್ಟಬೇಡಿ, ಹಿಡಿಯುವುದಂತೂ ಅಪರಾಧ, 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿ ಇದು. ಹಗಲಲ್ಲಿ ಹುಡುಕಿ ಪ್ರಯೋಜನವಿಲ್ಲ, ಪೊದೆಯೊಳಗೆ ಉಂಡೆಯಾಗಿ ಮಲಗಿರುತ್ತದೆ.

ಮುಚ್ಚಿದ ಶೂ ಹಾಕಿ, ಹಾವಿರುವ ಜಾಗ. ರಾತ್ರಿಯೂಟ ಕಟ್ಟಿಕೊಂಡೇ ಹೋಗಿ. ನಾವು ಬಿಸ್ಕತ್ತಿನಲ್ಲೇ ತುಮಕೂರು ಸೇರಿದೆವು.